ಇಂದಿನ ಧಮ್ಮ ಚಿಂತನೆ: ಮುತ್ತುಗವನ್ನು ಯಾವ ಕಾಲದಲ್ಲಿ ನೋಡಿದಿರಿ?



ಪಾಲಿ ಭಾಷೆಯ ‘ಕಿಂಸುಕ’ ಎಂದರೆ ನಮ್ಮ ಮುತ್ತುಗ. ಅದರ ಹೆಸರಿನಲ್ಲೇ ಒಂದು ಜಾತಕ ಕಥೆಯಿದೆ. ಬಾಬಾಸಾಹೇಬರು ಆತ್ಮದ ಪುನರ್ಜನ್ಮವನ್ನು ಒಪ್ಪಲಿಲ್ಲ. ಹಾಗಾಗಿ ಇದನ್ನು ಹಿಂದಿನ ಜನ್ಮದ ದಾಖಲೆಯೆಂದಲ್ಲ, ನೀತಿಕಥೆಯೆಂದು ಓದೋಣ.

ವಾರಣಾಸಿಯ ರಾಜನಿಗೆ ನಾಲ್ವರು ಮಕ್ಕಳು. ಸಾರಥಿ ಅವರಿಗೆ ಒಂದೇ ಮುತ್ತುಗವನ್ನು ಬೇರೆ ಬೇರೆ ಕಾಲದಲ್ಲಿ ತೋರಿಸಿದ. ಮೊಗ್ಗೊಡೆಯುವಾಗ ನೋಡಿದವನು ‘ಸುಟ್ಟ ಕೊರಡು’ ಎಂದ. ಎಲೆ ತುಂಬಿದಾಗ ನೋಡಿದವನು ‘ಆಲದಂತೆ’ ಎಂದ. ಹೂವು ನೋಡಿದವನು ‘ಮಾಂಸದ ತುಂಡು’ ಎಂದ. ಕಾಯಿ ನೋಡಿದವನು ‘ಶಿರೀಷದಂತೆ’ ಎಂದ. ರಾಜ ಹೇಳಿದ: ನಾಲ್ವರೂ ಮರ ನೋಡಿದ್ದೀರಿ, ಯಾವ ಕಾಲದಲ್ಲಿ ಹೇಗಿರುತ್ತದೆಂದು ಸಾರಥಿಯನ್ನು ಕೇಳಲಿಲ್ಲ.

ಕಳೆದ ಫೆಬ್ರವರಿಯಲ್ಲಿ ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ದ್ರಾಕ್ಷಿ ತೋಟಗಳ ನಡುವೆ, ಬದುವಿನ ಮೇಲೆ ಒಂಟಿ ಮುತ್ತುಗ ಕಂಡೆ. ಒಂದೆಲೆಯೂ ಇಲ್ಲ, ಮೈತುಂಬ ಕೆಂಡದಂಥ ಹೂವು. ಮೊಬೈಲಿನಲ್ಲಿ ಫೋಟೊ ತೆಗೆದು, ದ್ರಾಕ್ಷಿ ಕಟಾವಿಗೆ ಬಂದಿದ್ದ ನಮ್ಮವರೇ ಆದ ಹಿರಿಯ ತಾಯಿಗೆ ತೋರಿಸಿದೆ.

“ಚಂದ ಬಂದೈತಿ ತಮ್ಮಾ. ಆದ್ರ ನಾವು ಇದರ ಎಲಿ ನೋಡಿದವರು. ಪತ್ರಾವಳಿ ಹಚ್ಚಾಕಂತ ಹೊರೆಗಟ್ಟಲೆ ಹರಿದು ಕೊಡ್ತಿದ್ವಿ. ನೀರು ಚಿಮುಕಿಸಿ ಒಳಗ ತಗೋತಿದ್ರು. ಎಲಿ ಪಂಕ್ತಿಗೆ ಹೋಗತಿತ್ತು, ನಾವು ಹೊರಗ ಉಳೀತಿದ್ವಿ.”

ಫೋಟೊ ಸುಳ್ಳಲ್ಲ. ಆದರೆ ಅದು ಕೆಲವೇ ವಾರಗಳ ಸತ್ಯ. ಆ ತಾಯಿ ಕಂಡ ಸತ್ಯ ಅದರಲ್ಲಿ ಇರಲಿಲ್ಲ.

ಈ ಸಮಾಜವೂ ನಮ್ಮನ್ನು ಒಂದೇ ಕಾಲದಲ್ಲಿ ನೋಡಿ ‘ಸುಟ್ಟ ಕೊರಡು, ಇವರ ಹುಟ್ಟುಗುಣವೇ ಇಷ್ಟು’ ಎಂದಿತು. ಧಮ್ಮ ಹೇಳುವುದು ಬೇರೆ: ಎಲ್ಲವೂ ಕಾರಣದಿಂದ ಆಗುತ್ತದೆ, ಕಾರಣ ಬದಲಾದರೆ ಅದೂ ಬದಲಾಗುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಅದನ್ನು ಬದುಕಿ ತೋರಿಸಿದರು.

ಹಾಗೆಂದು ಎಲ್ಲರ ನೋಟವೂ ಸರಿ ಎಂದಲ್ಲ. ಆ ನೀರು ಚಿಮುಕಿಸಿದ ಕೈ ಯಾವ ಕಾಲದಲ್ಲೂ ತಪ್ಪೇ. ಅನಿತ್ಯದ ಹೆಸರಿನಲ್ಲಿ ಅನ್ಯಾಯವನ್ನು ಮರೆಯಬೇಕಿಲ್ಲ.

ಈಗ ನಮ್ಮ ಮನೆಯ ಮಾತು. ದೀಕ್ಷೆ ಪಡೆಯದ ಅಣ್ಣ, ಇನ್ನೂ ಜಾತ್ರೆಗೆ ಹೋಗುವ ಅತ್ತಿಗೆ, ಹರಕೆ ಬಿಡದ ಅವ್ವ. ‘ಇವರು ಎಂದೂ ಬದಲಾಗುವುದಿಲ್ಲ’ ಎಂದು ಎಷ್ಟು ಸಲ ಹೇಳಿದ್ದೇವೆ? ನಮ್ಮನ್ನು ಕೊರಡೆಂದವರ ಮಾತೂ ಇದೇ ಆಗಿತ್ತಲ್ಲವೇ?

*ಇಂದಿನ ಅಭ್ಯಾಸ:* ಹಾಗೆ ತೀರ್ಪು ಕೊಟ್ಟು ದೂರವಿಟ್ಟ ಒಬ್ಬರಿಗೆ ಇಂದು ಫೋನ್ ಮಾಡಿ. ವಾದ ಬೇಡ. ಅವರು ಯಾವ ಕಾಲದಲ್ಲಿದ್ದಾರೆಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಮೈತ್ರಿ ಅಲ್ಲಿಂದ ಶುರು.

ಜೈ ಭೀಮ್ 💙