ಮಕ್ಕಳ ಕೋಣೆಯ ಕಸ ಯಾರದು?

ಮುಂಬಯಿ, ಪುಣೆಯ ಎರಡು ಬೆಡ್‌ರೂಮಿನ ಫ್ಲ್ಯಾಟುಗಳಲ್ಲಿ ಅಟ್ಟವಿಲ್ಲ, ಹಿತ್ತಿಲಿಲ್ಲ. ಹೊಸ ಆಟಿಕೆ ಬಂದರೆ ಹಳೆಯದು ಜಾಗ ಬಿಡಲೇಬೇಕು. ಅದಕ್ಕೇ ಎಷ್ಟೋ ಮನೆಗಳಲ್ಲಿ ಮಗು ಶಾಲೆಗೆ ಹೋದ ಹೊತ್ತಲ್ಲಿ ಚೀಲಗಳು ಸದ್ದಿಲ್ಲದೆ ಹೊರಬೀಳುತ್ತವೆ.

ಇದು ಅನುಕೂಲ, ಸರಿ. ನ್ಯಾಯವೇ? ಹುಟ್ಟುಹಬ್ಬಕ್ಕೆ ಕೊಟ್ಟದ್ದು ಕೊಟ್ಟ ಕ್ಷಣದಿಂದ ಮಗುವಿನದು. ಕೇಳದೆ ಎಸೆದರೆ, ಬಲವಿದ್ದವರ ಮಾತೇ ಕೊನೆಯದು ಎಂಬ ಪಾಠವನ್ನಷ್ಟೇ ಮಗು ಕಲಿಯುತ್ತದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯಕ್ಕೆ ವಯಸ್ಸಿಗೆ ತಕ್ಕ ಬೆಲೆ ಕೊಡಬೇಕೆಂದು ಅದು ಹೇಳುತ್ತದೆ.

ಹಾಗೆಂದು ಕೋಣೆ ಗಲೀಜಾಗಿಯೇ ಇರಬೇಕಿಲ್ಲ. ಜಪಾನಿನ ಕಾರ್ಖಾನೆಗಳಿಂದ ಬಂದ '5ಎಸ್' ಪದ್ಧತಿಯಲ್ಲಿ, ಬೇಕೋ ಬೇಡವೋ ಗೊತ್ತಾಗದ ವಸ್ತುವಿಗೆ ಕೆಂಪು ಚೀಟಿ ಅಂಟಿಸಿ, ದಿನಾಂಕ ಬರೆದು ಬೇರೆಡೆ ಇಡುತ್ತಾರೆ. ಗಡುವಿನೊಳಗೆ ಯಾರೂ ಕೇಳದಿದ್ದರೆ ಮಾತ್ರ ವಿಲೇವಾರಿ. ಮನೆಯಲ್ಲೂ ಒಂದು ರಟ್ಟಿನ ಪೆಟ್ಟಿಗೆ, ಒಂದು ತಿಂಗಳ ಗಡುವು ಸಾಕು. ಎಷ್ಟು ಜಾಗ ಎಂಬುದನ್ನು ನಾವು ಹೇಳೋಣ. ಅಲ್ಲಿ ಏನಿರಬೇಕೆಂದು ಮಗು ಹೇಳಲಿ.

ದುಬಾರಿ ರಿಮೋಟ್ ಕಾರು ಹೋಗಿ, ಸಮುದ್ರ ತೀರದಲ್ಲಿ ಹೆಕ್ಕಿದ ಕಲ್ಲು ಉಳಿದೀತು. ಆಗ ಬಾಯಿಮುಚ್ಚಿಕೊಂಡಿರುವುದು ದೊಡ್ಡವರ ಪಾಲಿನ ಶಿಸ್ತು.