ಪರಿಗ್ರಹದ ಪಟ್ಟಿಯಲ್ಲಿ ಮನುಷ್ಯ

ಪರಿಗ್ರಹ ಪರಿಮಾಣ ಅಣುವ್ರತವನ್ನು ಸ್ವೀಕರಿಸುವ ಶ್ರಾವಕನು ತನ್ನ ಸ್ವತ್ತಿಗೆ ತಾನೇ ಒಂದು ಎಲ್ಲೆಯನ್ನು ಹಾಕಿಕೊಳ್ಳುತ್ತಾನೆ. ಆ ಎಲ್ಲೆಯನ್ನು ಮೀರುವ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹೊಲ, ಮನೆ, ಬೆಳ್ಳಿ, ಬಂಗಾರ, ಗೋಧನ, ಧಾನ್ಯ ಇವುಗಳೊಡನೆ ದಾಸಿಯರನ್ನೂ ದಾಸರನ್ನೂ ಎಣಿಸುತ್ತದೆ. ದಶಲಕ್ಷಣ ಪರ್ವದಲ್ಲಿ ಪ್ರತಿವರ್ಷವೂ ನಾವು ಇದನ್ನು ಪಾರಾಯಣ ಮಾಡುತ್ತೇವೆ. ದವಸಕ್ಕೂ ಪಾತ್ರೆಪಡಗಕ್ಕೂ ನಡುವೆ ಮನುಷ್ಯರು ಬಂದು ಹೋದುದನ್ನು ಗಮನಿಸಿ ಕೇಳುವವರು ವಿರಳ. ಸೂತ್ರವು ರಚಿತವಾದ ಕಾಲದಲ್ಲಿ ಮನುಷ್ಯನೂ ಸ್ವತ್ತಾಗಿದ್ದನು. ಆದುದರಿಂದ ಪಟ್ಟಿಯಲ್ಲಿ ಅವನೂ ಸೇರಿದನು. ಆದರೆ ಹತ್ತು ದಾಸರಿದ್ದವನು ಇಬ್ಬರಿಗೆ ಮಿತಿಗೊಳಿಸಿಕೊಂಡರೆ, ಉಳಿದ ಆ ಇಬ್ಬರ ಪಾಲಿಗೆ ಆ ವ್ರತದಿಂದ ಒದಗಿದುದೇನು?

ಇದು ಕೇವಲ ಗ್ರಂಥದ ಪ್ರಶ್ನೆಯಲ್ಲ. ಸೋಂದೆಯ ಸ್ವಾದಿ ಜೈನ ಮಠದ ದರ್ಶನಕ್ಕೆಂದು ಶಿರಸಿಯಿಂದ ಯಲ್ಲಾಪುರದ ದಾರಿ ಹಿಡಿದ ನಮ್ಮ ಯಾತ್ರಿಕರು, ಮುಂದೆ ಮಂಚೀಕೇರಿಯ ಕಡೆಗೆ ಸಾಗಿದರೆ, ಗುಂಗುರುಗೂದಲಿನ, ಆಫ್ರಿಕದ ಚಹರೆಯ, ಕೊಂಕಣಿ–ಕನ್ನಡಗಳನ್ನು ಮನೆಮಾತಿನಂತೆ ಆಡುವ ಜನರನ್ನು ಕಾಣುತ್ತಾರೆ. ಅವರು ಸಿದ್ದಿಗಳು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಂಚಿನಲ್ಲಿಯೂ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಕೆಲವೆಡೆಗಳಲ್ಲಿಯೂ ನೆಲೆಸಿರುವ ಇವರಲ್ಲಿ ಹಿಂದೂ, ಕ್ರೈಸ್ತ, ಮುಸಲ್ಮಾನ ಮೂರು ಮತದವರೂ ಇದ್ದಾರೆ. ಇವರ ಪೂರ್ವಿಕರಲ್ಲಿ ಬಹುಮಂದಿಯನ್ನು ಪೋರ್ಚುಗೀಸರು ಮೊಸಾಂಬಿಕ್ ಮೊದಲಾದ ಪೂರ್ವ ಆಫ್ರಿಕದ ತೀರಗಳಿಂದ ಹಡಗಿನಲ್ಲಿ ತುಂಬಿ ಗೋವೆಗೆ ತಂದು ಮಾರಿದರು. ಮನೆಗೆಲಸ, ಪಲ್ಲಕ್ಕಿ ಹೊರುವುದು, ಬಂದರಿನ ಮೂಟೆ, ಕಾವಲು, ಇವು ಅವರ ಪಾಲಿನ ದುಡಿಮೆ. ತಪ್ಪಿಸಿಕೊಂಡವರು ಘಟ್ಟವನ್ನೇರಿ ಕಾಡನ್ನು ಸೇರಿದರು.

ಅಟ್ಲಾಂಟಿಕ್ ಸಾಗರದ ಆಚೆಗೆ ಸಾಗಿಸಲ್ಪಟ್ಟವರ ಸಂಖ್ಯೆ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಸುಮಾರು 1 ಕೋಟಿ 25 ಲಕ್ಷ ಜನರನ್ನು ಹಡಗಿಗೆ ಏರಿಸಲಾಯಿತೆಂದೂ ಅವರಲ್ಲಿ ಸುಮಾರು 18 ಲಕ್ಷ ಜನ ದಾರಿಯಲ್ಲೇ ಸತ್ತರೆಂದೂ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಅವರಲ್ಲಿ ಬಹುಪಾಲು ಜನ ಹೋದುದು ಬ್ರಜಿಲ್ ಮತ್ತು ಕೆರಿಬಿಯನ್ ದ್ವೀಪಗಳಿಗೆ. ಅಲ್ಲಿ ಅವರ ಪ್ರಾಣವನ್ನು ಹೀರಿದ ಬೆಳೆ ಮುಖ್ಯವಾಗಿ ಕಬ್ಬು. ಆಲೆಮನೆಯನ್ನು ಕಂಡ ನಮ್ಮ ಮಂಡ್ಯದ ರೈತನಿಗೆ ಇದರ ಒಳಗುಟ್ಟು ಬಲು ಬೇಗ ಅರ್ಥವಾದೀತು. ಕಡಿದ ಕಬ್ಬನ್ನು ತಡಮಾಡದೆ ಅರೆಯಬೇಕು, ಇಲ್ಲವಾದರೆ ರಸ ಕೆಡುತ್ತದೆ. ಆದಕಾರಣ ಸುಗ್ಗಿಯ ತಿಂಗಳುಗಳಲ್ಲಿ ಗಾಣಗಳು ಹಗಲಿರುಳೂ ತಿರುಗುತ್ತಿದ್ದುವು. ನಿದ್ದೆಗಣ್ಣಿನಲ್ಲಿ ಜಲ್ಲೆಯನ್ನು ಒಡ್ಡುವವನ ಕೈ ಗಾಣಕ್ಕೆ ಸಿಕ್ಕಿಕೊಂಡರೆ ತೋಳನ್ನೇ ಕಡಿದುಹಾಕಲು ಅಲ್ಲಿ ಕೊಡಲಿಯನ್ನು ಸಿದ್ಧವಾಗಿ ಇರಿಸುತ್ತಿದ್ದರು.

ಅಹಿಂಸಾಣುವ್ರತದ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬುದು ವಾಚಕರಿಗೆ ತಿಳಿದ ವಿಷಯ. ಪ್ರವಚನಗಳಲ್ಲಿ ಇವನ್ನು ಬಹುಮಟ್ಟಿಗೆ ಎತ್ತು–ಹಸುಗಳನ್ನು ಉದಾಹರಿಸಿಯೇ ವಿವರಿಸುವುದು ವಾಡಿಕೆ. ಆದರೆ 1685ರಲ್ಲಿ ಫ್ರಾನ್ಸಿನ ದೊರೆ ತನ್ನ ದ್ವೀಪಗಳ ಗುಲಾಮರಿಗಾಗಿ ಹೊರಡಿಸಿದ ಶಾಸನವನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ಓದಬೇಕು. ಒಂದು ತಿಂಗಳು ತಲೆಮರೆಸಿಕೊಂಡವನ ಕಿವಿಗಳನ್ನು ಕತ್ತರಿಸಿ ಮೈಗೆ ಬರೆಹಾಕುವುದು. ಎರಡನೆಯ ಸಲ ಓಡಿದರೆ ಮೊಣಕಾಲಿನ ಹಿಂದಣ ನರವನ್ನು ಕಡಿಯುವುದು. ಮೂರನೆಯ ಸಲಕ್ಕೆ ಮರಣದಂಡನೆ. ನಮ್ಮ ಆಚಾರ್ಯರು ಯಾವುದನ್ನು ಗೃಹಸ್ಥನ ದೋಷವೆಂದು ಎಣಿಸಿದರೋ ಅದನ್ನು ಒಂದು ರಾಜ್ಯವು ತನ್ನ ನ್ಯಾಯವೆಂದು ಬರೆದಿಟ್ಟುಕೊಂಡಿತು.

ಇಷ್ಟನ್ನು ಓದಿ, ಅದು ಪರದೇಶಿಗಳ ಕ್ರೌರ್ಯ, ನಮ್ಮಲ್ಲಿ ಆಳನ್ನು ಮನೆಯ ಮಗನಂತೆ ಕಾಣುತ್ತಿದ್ದರು ಎಂದು ಹೇಳುವವರಿದ್ದಾರೆ. ಈ ಮಾತನ್ನು ಪರೀಕ್ಷಿಸದೆ ಒಪ್ಪಲಾಗದು. ದಕ್ಷಿಣ ಕನ್ನಡದಲ್ಲಿ ಮೂಲದ ಆಳು, ಸಾಲದ ಆಳು ಎಂಬ ಎರಡು ಬಗೆಗಳಿದ್ದುವು. ಮೊದಲಿನವರು ಭೂಮಿಯೊಡನೆ ವಂಶಪಾರಂಪರ್ಯವಾಗಿ ಬಂದವರು, ಎರಡನೆಯವರು ಸಾಲಕ್ಕೆ ಸಿಕ್ಕಿ ದುಡಿಯುವವರು. ಆ ಜಿಲ್ಲೆಯ ಭೂಮಾಲೀಕ ಮನೆತನಗಳಲ್ಲಿ ಜೈನರೂ ಇದ್ದರೆಂಬುದನ್ನು ಬೇರೆ ಯಾರೂ ನಮಗೆ ಹೇಳಬೇಕಾಗಿಲ್ಲ. ಅಂಥ ಒಡೆಯರಲ್ಲಿ ದಯಾವಂತರು ಇದ್ದಿರಲೇಬೇಕು. ಹೊಡೆಯದೆ, ಹೊಟ್ಟೆಗೆ ಕಡಿಮೆ ಮಾಡದೆ, ಶಕ್ತಿ ಮೀರಿ ದುಡಿಸದೆ ಇದ್ದವರನ್ನು ಊಹಿಸಿಕೊಳ್ಳೋಣ. ಐದು ಅತಿಚಾರಗಳಲ್ಲಿ ನಾಲ್ಕು ಅಲ್ಲಿ ಇಲ್ಲ. ಉಳಿದುದು ಬಂಧ. ಹಗ್ಗವಿಲ್ಲ, ಸಂಕೋಲೆಯಿಲ್ಲ, ಆದರೂ ಆ ಆಳು ನಾಳೆ ಇನ್ನೊಂದು ಊರಿಗೆ ಹೋಗಲಾರನು. ಒಡೆಯನ ದಯೆಯು ಒಡೆಯನ ಇಚ್ಛೆಯಾಗಿರುವಷ್ಟು ಕಾಲವೂ ಆಳಿನ ಸುಖವು ಅವನ ಸ್ವಂತದ್ದಲ್ಲ. ಒಡೆಯನು ಸತ್ತ ಮರುದಿನ ಮಗನು ಏನು ಮಾಡುವನೋ ಯಾರು ಬಲ್ಲರು? ಕಾಡು ಸೇರಿದ ಸಿದ್ದಿಗಳ ಕತೆಯೂ ಇಂಥದೇ. ಗೋವೆಯ ಒಡೆಯನಿಂದ ಓಡಿಬಂದವರಲ್ಲಿ ಅನೇಕರು ಘಟ್ಟದ ಮೇಲೆ ಅಡಿಕೆತೋಟಗಳಲ್ಲಿ ಮುಂಗಡ ಹಣಕ್ಕೆ ಜೀತಕ್ಕಿದ್ದು, ಆ ಸಾಲವನ್ನು ಮಕ್ಕಳಿಗೆ ಬಿಟ್ಟುಹೋದರು.

ಚಂದನೆಯ ಕಥೆಯನ್ನು ಇಲ್ಲಿ ನೆನೆಯಬೇಕು. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಬರುವಂತೆ ಚೇಟಕರಾಜನ ಮಗಳಾದ ಆಕೆ ಅಪಹೃತಳಾಗಿ ಕೌಶಾಂಬಿಯ ಶ್ರೇಷ್ಠಿಯ ಮನೆಯನ್ನು ಸೇರಿದಳು. ಶ್ರೇಷ್ಠಿಯು ಸಜ್ಜನನೇ. ಆದರೂ ಅವನ ಹೆಂಡತಿಯ ಸಂಶಯದಿಂದ ಆಕೆಗೆ ಸಂಕೋಲೆ ಬಿತ್ತು, ಹಾರಕದ ಅನ್ನ ಗಂಜಿಯೇ ಆಹಾರವಾಯಿತು. ಒಳ್ಳೆಯವನೊಬ್ಬನು ಮನೆಯಲ್ಲಿದ್ದುದು ಆಕೆಯನ್ನು ಕಾಯಲಿಲ್ಲ. ಮಹಾವೀರಸ್ವಾಮಿಯು ಆಹಾರಕ್ಕೆ ಬಂದುದು ಆ ಸಂಕೋಲೆಯವಳ ಬಳಿಗೆ. ಮುಂದೆ ಆರ್ಯಿಕಾ ಸಂಘಕ್ಕೆ ಮುಖ್ಯಳಾದವಳೂ ಅವಳೇ.

ಒಡೆಯರ ಮಾತು ಇಷ್ಟಾಯಿತು. ಆಳನ್ನು ಎಂದೂ ಕೊಳ್ಳದೆ, ಅವನ ದುಡಿಮೆಯ ಫಲವನ್ನು ಮಾತ್ರ ಕೊಂಡವನ ಗತಿಯೇನು? ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಹಿಂಸೆಯನ್ನು ಎಣಿಸುವ ನಾವು ಈ ಪ್ರಶ್ನೆಯನ್ನು ಬಿಡುವಂತಿಲ್ಲ. 1791ರಲ್ಲಿ ಇಂಗ್ಲೆಂಡಿನ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಒಪ್ಪದೆ ಹೋದಾಗ, ಅಲ್ಲಿನ ಸಾಮಾನ್ಯ ಗೃಹಸ್ಥರು ವೆಸ್ಟ್ ಇಂಡೀಸಿನ ಸಕ್ಕರೆಯನ್ನೇ ಬಿಟ್ಟರು. ಹೀಗೆ ಬಿಟ್ಟವರು ಸುಮಾರು 3 ಲಕ್ಷ ಮಂದಿಯೆಂದು ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ್ದಾನೆ. ಓಟಿನ ಹಕ್ಕಿಲ್ಲದ ಗೃಹಿಣಿಯರು ಇದರಲ್ಲಿ ಮುಂದಾಗಿದ್ದರು. ಚಾತುರ್ಮಾಸದಲ್ಲಿ ಒಂದೊಂದು ಪದಾರ್ಥವನ್ನು ತ್ಯಾಗಮಾಡಿ ಅಭ್ಯಾಸವಿರುವ ನಮ್ಮ ಶ್ರಾವಿಕೆಯರಿಗೆ ಇದು ವಿಚಿತ್ರವಾಗಿ ತೋರದು. ಗುಲಾಮರ ವ್ಯಾಪಾರ ನಿಷೇಧವಾಗಲು 1807ರವರೆಗೂ, ದ್ವೀಪಗಳ ಗುಲಾಮಗಿರಿಯನ್ನು ತೆಗೆಯುವ ಶಾಸನಕ್ಕೆ 1833ರವರೆಗೂ ಕಾಯಬೇಕಾಯಿತು. ಆಗಲೂ 2 ಕೋಟಿ ಪೌಂಡುಗಳ ಪರಿಹಾರ ಸಂದುದು ಒಡೆಯರಿಗೆ. ಬಿಡುಗಡೆ ಹೊಂದಿದವರಿಗೆ ಬಿಡಿಗಾಸೂ ಸಲ್ಲಲಿಲ್ಲ. ಕಂಪನಿಯ ಆಡಳಿತದಲ್ಲಿದ್ದ ಭಾರತಕ್ಕೆ ಆ ಶಾಸನ ಅನ್ವಯಿಸಲೂ ಇಲ್ಲ. ಇಲ್ಲಿ ಗುಲಾಮಗಿರಿಗೆ ಕಾನೂನಿನ ಮನ್ನಣೆ ತಪ್ಪಿದುದು 1843ರಲ್ಲಿ.

ಈಗ ಬಸವೇಶ್ವರನಗರದಂಥ ಬಡಾವಣೆಯಲ್ಲಿ ವಾಸಿಸುವ ನಾವು ಯಾರನ್ನೂ ಕೊಂಡವರಲ್ಲ. ಆದರೆ ಬಸದಿಯ ಜೀರ್ಣೋದ್ಧಾರಕ್ಕೆ ಕಲ್ಲು ಬರುತ್ತದೆ, ಇಟ್ಟಿಗೆ ಬರುತ್ತದೆ. ನೀರನ್ನು ಸೋಸಿದರೇ, ರಾತ್ರಿ ಅಡುಗೆಯಾಯಿತೇ ಎಂದು ಸೂಕ್ಷ್ಮವಾಗಿ ವಿಚಾರಿಸುವ ಟ್ರಸ್ಟಿನವರು, ಕಲ್ಲಿನ ಕ್ವಾರಿಯಲ್ಲಿಯೋ ಇಟ್ಟಿಗೆ ಗೂಡಿನಲ್ಲಿಯೋ ಕುಟುಂಬಗಳನ್ನು ಮುಂಗಡ ಕೊಟ್ಟು ಕೂಡಿಹಾಕಿಲ್ಲವಷ್ಟೆ ಎಂದು ಗುತ್ತಿಗೆದಾರನನ್ನು ಕೇಳಿದ್ದುಂಟೆ? ಮನೆಗೆಲಸಕ್ಕೆ ಹಳ್ಳಿಯಿಂದ ಕರೆತಂದ ಹತ್ತು ವರ್ಷದ ಹುಡುಗಿಗೆ ಊಟ, ಬಟ್ಟೆ, ಮಮತೆ ಎಲ್ಲವನ್ನೂ ಕೊಟ್ಟಿದ್ದೇವೆ ಎನ್ನುವಾಗ, ಮೇಲೆ ಹೇಳಿದ ಒಳ್ಳೆಯ ಶ್ರೇಷ್ಠಿಯ ನೆನಪಾಗದೆ ಇರದು. 14 ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರಿಂದಲೇ ಸರ್ಕಾರ ನಿಷೇಧಿಸಿದೆ.

ಇನ್ನೊಂದು ಮಾತು, ದಾನಿಗಳಿಗೆ. ಜೀತಕ್ಕೆ ಸಿಕ್ಕಿದ ಕುಟುಂಬದ ಸಂಗತಿ ತಿಳಿದೊಡನೆ, ಸಾಲವನ್ನು ತಾವೇ ತೀರಿಸಿ ಬಿಡಿಸಿಬಿಡೋಣ ಎಂಬ ಔದಾರ್ಯ ನಮ್ಮಲ್ಲಿ ಸಹಜವಾಗಿಯೇ ಮೂಡುತ್ತದೆ. 1833ರಲ್ಲಿ ಇಂಗ್ಲೆಂಡು ಮಾಡಿದುದೂ ಅದನ್ನೇ. ನಮ್ಮ ದೇಶದ 1976ರ ಜೀತ ಪದ್ಧತಿ ರದ್ದತಿ ಅಧಿನಿಯಮವು ಬೇರೆ ದಾರಿಯನ್ನು ಹಿಡಿದಿದೆ: ಜೀತದ ಸಾಲವೇ ಅಳಿದುಹೋಯಿತು, ಅದನ್ನು ಯಾರೂ ಯಾರಿಗೂ ಕೊಡಬೇಕಾಗಿಲ್ಲ, ವಸೂಲು ಮಾಡುವುದೇ ಅಪರಾಧ. ಆದುದರಿಂದ ಒಡೆಯನ ಕೈಗೆ ಹಣ ಕೊಡುವ ಮೊದಲು ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗಿ ಬಿಡುಗಡೆಯ ಪತ್ರವನ್ನು ಕೇಳಬೇಕು; ದಾನಕ್ಕೆಂದು ತೆಗೆದಿಟ್ಟ ಹಣವು ಆ ಕುಟುಂಬದ ಬಾಡಿಗೆ ಮನೆಗೂ ಮಕ್ಕಳ ಶಾಲೆಗೂ ಆಗುತ್ತದೆ.