ಮೊದಲೇ ತಿಳಿಸುವ ಧರ್ಮ

ಒಂದು ನಿರ್ಣಯವು ತನ್ನಷ್ಟಕ್ಕೆ ಸರಿಯಾಗಿದ್ದರೆ ಸಾಕೆ? ಅಥವಾ ಅದರ ಭಾರವನ್ನು ಹೊರತಕ್ಕವರಿಗೆ ಮುಂಚಿತವಾಗಿ ತಿಳಿಸಿರುವುದೂ ನ್ಯಾಯದ ಒಂದು ಅಂಗವೆ? ರಾಜ್ಯಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಪಂಡಿತರು ಬಹುಕಾಲದಿಂದ ವಿಚಾರಿಸುತ್ತ ಬಂದಿದ್ದಾರೆ. ಆದರೆ ಒಂದು ಬಡಾವಣೆಯ ಮನೆಗಳವರು ಕೂಡಿದ ಸಂಘದಲ್ಲಿ ಅದು ಇನ್ನೂ ಸ್ಫುಟವಾಗಿ ಕಾಣುವುದು. ಅಲ್ಲಿ ಅಧಿಕಾರ ನಡಸುವವನೂ ಅದಕ್ಕೆ ಒಳಪಟ್ಟವನೂ ಒಂದೇ ಬೇಲಿಯ ಈಚೆ ಆಚೆ ಇರುವ ನೆರೆಯವರು. ಬೆಳಗಾದರೆ ಒಬ್ಬರ ಮುಖವನ್ನೊಬ್ಬರು ನೋಡಬೇಕಾದವರು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಂತಹ ಮನೆಯೊಡೆಯರ ಸಂಘಗಳು ಹೇರಳವಾಗಿವೆ. ಇವುಗಳಿಗೆ ಸೇರಿದ ಬಡಾವಣೆಯಲ್ಲಿ ಮನೆಯನ್ನು ಕೊಂಡವನು, ಕೊಂಡ ಮಾತ್ರದಿಂದಲೇ ಸದಸ್ಯನಾಗುತ್ತಾನೆ, ಒಲ್ಲೆನೆನ್ನುವಂತಿಲ್ಲ. ಎಲ್ಲರಿಗೂ ಸೇರಿದ ದಾರಿ, ತೋಟ, ಛಾವಣಿ ಮೊದಲಾದವುಗಳ ರಕ್ಷಣೆಗೆ ಅವನು ವಂತಿಗೆ ಕೊಡಬೇಕು. ವ್ಯವಹಾರವನ್ನೆಲ್ಲ ಸದಸ್ಯರು ಆರಿಸಿದ ಕೆಲವರ ಮಂಡಲಿ ನೋಡಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ೧೯೮೫ರಲ್ಲಿ ಆದ ಡೇವಿಸ್-ಸ್ಟರ್ಲಿಂಗ್ ಕಾಯಿದೆಯು ಇವುಗಳಿಗೆ ಆಧಾರ. ಅದರ ಮೇರೆಗೆ ಮಂಡಲಿಯು ಸದಸ್ಯರ ಮತವನ್ನು ಕೇಳದೆಯೇ ವರ್ಷದ ವಂತಿಗೆಯನ್ನು ನೂರಕ್ಕೆ ೨೦ರವರೆಗೆ ಏರಿಸಬಹುದು. ಬಾಕಿಯು ೧,೮೦೦ ಡಾಲರನ್ನು ಮುಟ್ಟಿದರೆ, ಇಲ್ಲವೆ ೧೨ ತಿಂಗಳನ್ನು ಮೀರಿದರೆ, ಮನೆಯನ್ನೇ ಹರಾಜಿಗೆ ತರುವ ದಾರಿಯೂ ಉಂಟು. ನೆರೆಯವನ ಕೈಯಲ್ಲಿರುವ ಈ ಅಧಿಕಾರವು ಅಲ್ಪವಲ್ಲ.

ಅಧಿಕಾರವನ್ನು ಕೊಟ್ಟ ಕಾಯಿದೆಯೇ ಅದಕ್ಕೆ ಕಟ್ಟುಪಾಡನ್ನೂ ಹಾಕಿದೆ. ಸಾಮಾನ್ಯವಾದ ಸಭೆಗೆ ಕಡಮೆಯೆಂದರೆ ೪ ದಿನ ಮುಂಚೆ ಕಾಲಸ್ಥಳಗಳನ್ನು ಸದಸ್ಯರಿಗೆ ತಿಳಿಸಬೇಕು. ಆ ತಿಳಿವಳಿಕೆಯಲ್ಲಿಯೇ ಕಾರ್ಯಸೂಚಿಯೂ ಇರಬೇಕು. ಸೂಚಿಯಲ್ಲಿಲ್ಲದ ವಿಷಯವನ್ನು ಮಂಡಲಿಯು, ಕೆಲವು ಅಪವಾದಗಳ ಹೊರತು, ಚರ್ಚಿಸಕೂಡದು, ನಿರ್ಣಯಿಸಕೂಡದು. ಸದಸ್ಯನೊಬ್ಬನು ಬೇರೆ ಮಾತನ್ನೆತ್ತಿದರೆ ಚುಟುಕಾಗಿ ಉತ್ತರ ಹೇಳಬಹುದು, ಅಷ್ಟೆ. ಸಭೆ ಸೇರದೆ ತಮ್ಮತಮ್ಮಲ್ಲೇ ಪತ್ರ ಬರೆದುಕೊಂಡು ಕೆಲಸ ಮುಗಿಸುವುದಕ್ಕೂ ಎಡೆಯಿಲ್ಲ; ತುರ್ತಿನಲ್ಲಿ ಮಾತ್ರ, ಮಂಡಲಿಯವರೆಲ್ಲರೂ ಬರೆದು ಒಪ್ಪಿದರೆ, ಮಿಂಚಂಚೆಯಲ್ಲಿ ಸಭೆ ನಡಸಬಹುದು. ಫ್ಲಾರಿಡಾ ಸಂಸ್ಥಾನದ ವಿಧಿಯಲ್ಲಿ ಇನ್ನೊಂದು ವಿವೇಕವಿದೆ. ಅಲ್ಲಿಯ ಕಾಂಡೊಮಿನಿಯಮ್ ಎಂಬ ವಸತಿಗಳಲ್ಲಿ ಮಂಡಲಿಯ ಸಾಧಾರಣ ಸಭೆಗೆ ೪೮ ಗಂಟೆಗಳ ತಿಳಿವಳಿಕೆ ಸಾಕು. ವಿಶೇಷ ವಂತಿಗೆ ಹಾಕುವ ವಿಚಾರವಿದ್ದರೆ ೧೪ ದಿನ ಬೇಕು. ಹೊರೆ ಹೆಚ್ಚಿದಂತೆ ಮುನ್ಸೂಚನೆಯ ಅವಧಿಯೂ ಹೆಚ್ಚಬೇಕೆಂಬುದು ಇದರ ತಾತ್ಪರ್ಯ.

ಇಲ್ಲಿ ಒಂದು ಪೂರ್ವಪಕ್ಷವುಂಟು. "ಮಂಡಲಿಯವರು ಸಂಬಳವಿಲ್ಲದೆ ದುಡಿಯುವ ಸಜ್ಜನರು. ಅವರನ್ನು ಆರಿಸಿದವರು ನಾವೇ. ನಂಬಿದ ಮೇಲೆ ಹೆಜ್ಜೆ ಹೆಜ್ಜೆಗೂ ಚೀಟಿ ಅಂಟಿಸೆಂದರೆ ಅದು ಅಪನಂಬಿಕೆಯಲ್ಲವೆ? ಸೋರುವ ಛಾವಣಿಯನ್ನು ಇಂದೇ ಸರಿಮಾಡಿಸುವುದು ಲೇಸೋ, ನಾಲ್ಕು ದಿನ ಕಾಯುವುದು ಲೇಸೋ? ನಿರ್ಣಯವು ಒಳ್ಳೆಯದಾಗಿದ್ದರೆ ಅದನ್ನು ಹೇಗೆ ಮಾಡಿದರೇನು?" ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ನಿಯಮದ ನೆವದಿಂದ ಕೆಲಸಗಳು ಕೆಟ್ಟಿರುವುದನ್ನು ಎಲ್ಲರೂ ಬಲ್ಲರು. ಆಕಸ್ಮಿಕವಾಗಿ ಒದಗಿದ ಆಪತ್ತಿಗೆ ಮುನ್ಸೂಚನೆ ಬೇಡವೆಂದು ಕಾಯಿದೆಯೂ ಒಪ್ಪಿದೆ.

ಆದರೂ ಈ ವಾದವು ಒಂದು ಮುಖ್ಯಾಂಶವನ್ನು ಬಿಟ್ಟಿದೆ. ನಿರ್ಣಯಕ್ಕೆ ಮೊದಲು ಆಡಿದ ಮಾತು ಸಲಹೆಯೆನಿಸುತ್ತದೆ. ಅದೇ ಮಾತನ್ನು ಆಮೇಲೆ ಆಡಿದರೆ ದೂರೆನಿಸುತ್ತದೆ. ಮಾತು ಒಂದೇ, ಆಡುವವನೂ ಒಬ್ಬನೇ. ಆದರೆ ಮೊದಲನೆಯದರಲ್ಲಿ ಅವನು ಒಡೆಯ, ಎರಡನೆಯದರಲ್ಲಿ ಅರ್ಜಿದಾರ. ಮುನ್ಸೂಚನೆಯಿಲ್ಲದೆ ಮಾಡಿದ ಒಳ್ಳೆಯ ನಿರ್ಣಯವೂ ನೆರೆಯವನನ್ನು ಪಾಲುಗಾರನ ಸ್ಥಾನದಿಂದ ಇಳಿಸಿ ಬರಿಯ ವಂತಿಗೆಗಾರನನ್ನಾಗಿ ಮಾಡುವುದು. ಅದರಿಂದಾಗುವ ಲಾಭವು ಈ ಅವಮಾನಕ್ಕೆ ಪರಿಹಾರವಾಗಲಾರದು. ಅಲ್ಲದೆ, ನಿರ್ಣಯವು ಒಳ್ಳೆಯದೆಂದು ಹೇಳತಕ್ಕವರು ಯಾರು? ನೀರು ತೊಟ್ಟಿಕ್ಕುವ ಕೋಣೆಯಲ್ಲಿ ಮಲಗುವವನಿಗೆ ಗೊತ್ತಿರುವುದು ಲೆಕ್ಕದ ಪುಸ್ತಕವನ್ನು ನೋಡುವವನಿಗೆ ಗೊತ್ತಿರಲಾರದು. ಮುನ್ಸೂಚನೆಯು ಅಪನಂಬಿಕೆಯ ಗುರುತಲ್ಲ. ನಮಗೆ ತಿಳಿಯದುದು ಇನ್ನೊಬ್ಬನಿಗೆ ತಿಳಿದಿರಬಹುದೆಂಬ ವಿನಯದ ಗುರುತು.

ಹಾಗೆಂದು ಅಕ್ಷರವನ್ನು ಪಾಲಿಸಿದ ಮಾತ್ರಕ್ಕೆ ಧರ್ಮ ಮುಗಿಯಲಿಲ್ಲ. ಉದಾಹರಣೆಗೆ, ಮಂಡಲಿಯೊಂದು ನೆರಳಿನ ಹಳೆಯ ಮರಗಳನ್ನು ಕಡಿಸಬೇಕೆಂದಿದೆಯೆಂದು ಭಾವಿಸೋಣ. ಸೂಚಿಯಲ್ಲಿ "ತೋಟದ ವಿಷಯ" ಎಂದು ಬರೆದರೆ ನಿಯಮ ನಡೆದಂತೆ ತೋರುವುದು. ಆದರೆ ಆ ಮರದ ಕೆಳಗೆ ಮಕ್ಕಳನ್ನು ಆಡಿಸುವ ತಾಯಿಗೆ ಅದರಿಂದ ಏನೂ ತಿಳಿಯಲಿಲ್ಲ. "ಮರಗಳನ್ನು ಕಡಿಸುವ ವಿಷಯ" ಎಂದು ಬರೆದರೆ ಅವಳು ಸಭೆಗೆ ಬಂದಾಳು. ಬಂದಾಳೆಂಬ ಅಳುಕಿನಿಂದಲೇ ಮೊದಲಿನಂತೆ ಬರೆದಿದ್ದರೆ, ಅದು ಸತ್ಯವಾದ ಶಬ್ದಗಳಿಂದ ಹೇಳಿದ ಸುಳ್ಳು.

ಇನ್ನು, ಎಲ್ಲವನ್ನೂ ಎಲ್ಲರಿಗೂ ಸಾರುವುದೇ ಧರ್ಮವೆಂದೂ ತಿಳಿಯಬಾರದು. ವ್ಯಾಜ್ಯ, ನೌಕರರ ವಿಷಯ, ಸದಸ್ಯನ ಮೇಲಿನ ಶಿಸ್ತಿನ ಕ್ರಮ ಮುಂತಾದವುಗಳನ್ನು ಕ್ಯಾಲಿಫೋರ್ನಿಯಾದ ಮಂಡಲಿಯು ಏಕಾಂತದಲ್ಲಿ ವಿಚಾರಿಸಬಹುದು. ಆದರೆ ದಂಡಕ್ಕೆ ಗುರಿಯಾಗಬಹುದಾದವನಿಗೆ ೧೦ ದಿನ ಮುಂಚೆ ತಿಳಿಸಬೇಕು. ಬಂದು ಹೇಳಿಕೊಳ್ಳುವ ಹಕ್ಕು ಅವನದು. ಬಾಕಿಗಾಗಿ ಮನೆಯನ್ನು ಹರಾಜಿಗೆ ತರುವ ನಿರ್ಣಯವನ್ನು ಏಕಾಂತದಲ್ಲಿಯೇ ಬಹುಮತದಿಂದ ಮಾಡಿ, ಮುಂದಿನ ಬಹಿರಂಗ ಸಭೆಯ ನಡವಳಿಯಲ್ಲಿ ದಾಖಲಿಸಬೇಕು. ಅಲ್ಲಿ ನಿವೇಶನದ ಸಂಖ್ಯೆಯನ್ನು ಮಾತ್ರ ಕಾಣಿಸಬೇಕೇ ಹೊರತು ಮನೆಯವನ ಹೆಸರನ್ನಲ್ಲ. ಈ ಸಣ್ಣ ವಿಧಿಯಲ್ಲಿ ಎಷ್ಟು ಮನುಷ್ಯತ್ವವಿದೆಯೆಂಬುದನ್ನು ವಾಚಕರು ಗಮನಿಸಬೇಕು. ಮಂಡಲಿಯು ಮಾಡಿದ್ದೇನೆಂಬುದು ನೆರೆಯವರಿಗೆ ತಿಳಿಯಬೇಕು. ಬಡವನಾದವನ ಹೆಸರು ಬೀದಿಯ ಬಾಯಿಗೆ ಬೀಳಬಾರದು.

ಈ ವಿಚಾರವು ನಮಗೂ ದೂರದ್ದಲ್ಲ. ೧೯೭೨ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯು, ಒಡೆಯರ ಸಭೆಯನ್ನು ಕರೆಯುವ ಕ್ರಮವನ್ನು ಸಂಘದ ಉಪವಿಧಿಗಳಲ್ಲಿ ಹೇಳಬೇಕೆಂದು ವಿಧಿಸಿತು. ಆದರೆ ವಿಧಿಗಳ ಬಲಕ್ಕೆ ಮಿತಿಯುಂಟು. ಸಭೆಯ ನಿಯಮವನ್ನು ಮುರಿದ ಸಂಘಕ್ಕೆ ಕ್ಯಾಲಿಫೋರ್ನಿಯಾದ ನ್ಯಾಯಾಲಯವು ಒಂದೊಂದು ತಪ್ಪಿಗೆ ಹೆಚ್ಚೆಂದರೆ ೫೦೦ ಡಾಲರು ದಂಡ ಹಾಕಬಹುದು. ಆ ದಂಡವೂ ಸಂಘದ ಬೊಕ್ಕಸದಿಂದ, ಎಂದರೆ ಮೋಸಹೋದ ಸದಸ್ಯರ ವಂತಿಗೆಯಿಂದಲೇ, ಸಲ್ಲಬಹುದು. ಆದುದರಿಂದ ಇಲ್ಲಿ ಕಾಯತಕ್ಕದ್ದು ದಂಡದ ಭಯವಲ್ಲ, ಮನಸ್ಸಿನ ಸಂಸ್ಕಾರ.

ಆ ಸಂಸ್ಕಾರವು ಎರಡು ಕಡೆಗೂ ಸಲ್ಲುವುದು. ತಿಳಿಸುವುದು ಮಂಡಲಿಯ ಕರ್ತವ್ಯವಾದರೆ, ತಿಳಿದುಕೊಳ್ಳುವುದು ಸದಸ್ಯನ ಕರ್ತವ್ಯ. ಗೋಡೆಯ ಮೇಲಿನ ಚೀಟಿಯನ್ನು ಓದದೆ ಹಾದುಹೋಗಿ, ಸಭೆಯ ದಿನ ಮನೆಯಲ್ಲಿ ಕುಳಿತು, ಮರುದಿನ ಬೀದಿಯಲ್ಲಿ ನಿಂತು ಹಳಿಯುವವನು ತನಗೆ ದೊರೆತ ಗೌರವವನ್ನು ತಾನೇ ತಿರಸ್ಕರಿಸಿದವನಾಗುತ್ತಾನೆ. ಹೇಳಿದವನ ಧರ್ಮವು ಕೇಳುವವನಿಲ್ಲದೆ ಪೂರ್ಣವಾಗದು.